ತೋಟದಲ್ಲಿ ಡೇರೆ: ನಮ್ಮ ಮಳೆಗೆ ಯಾವುದು ಒಗ್ಗೀತು?



ಕೆಲವು ತಿಂಗಳುಗಳಿಂದ ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರ, ಮೈಲುತುತ್ತದ ವಿಚಾರ ಮುಗಿಸಿದ ಮೇಲೆ ಇನ್ನೊಂದು ಪ್ರಶ್ನೆ ಕೇಳುತ್ತಿದ್ದಾರೆ: ತೋಟದಲ್ಲಿ ಒಂದೆರಡು ಕ್ಯಾನ್ವಾಸ್ ಡೇರೆ ಹಾಕಬೇಕೆಂದಿದ್ದೇವೆ, ಯಾವ ತರಹದ್ದು ತರಿಸಬೇಕು? ಹೋಂಸ್ಟೇ ನಡೆಸುವವರಿಗೆ ಅತಿಥಿಗಳಿಗಾಗಿ ಬೇಕು. ಕೆಲವರಿಗೆ ಕಣದಲ್ಲಿ ಒಣಗುವ ಕಾಫಿಯ, ಅಂಗಳದಲ್ಲಿ ಹರಡಿದ ಅಡಿಕೆಯ ಕಾವಲಿಗೆ ಬೇಕು. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ನನಗೆ ತಿಳಿದಷ್ಟನ್ನು ಇಲ್ಲಿ ಒಟ್ಟಾಗಿ ಬರೆದಿದ್ದೇನೆ.

ಮೊದಲೇ ಹೇಳಿಬಿಡತಕ್ಕ ಮಾತೊಂದಿದೆ. ಮಾರುವವರು ತೋರಿಸುವ ಚಿತ್ರಗಳೆಲ್ಲ ಜನವರಿಯ ಬಿಸಿಲಿನಲ್ಲಿ ತೆಗೆದವು. ಜನವರಿಯಲ್ಲಿ ಯಾವ ಡೇರೆಯೂ ಚೆನ್ನಾಗಿಯೇ ಇರುತ್ತದೆ. ಮಲೆನಾಡಿನವರು ಡೇರೆ ಕೊಳ್ಳುವಾಗ ಜುಲೈ ತಿಂಗಳನ್ನು ನೆನೆದು ಕೊಳ್ಳಬೇಕು.

ಬಟ್ಟೆಯ ಗುಣ

ಕ್ಯಾನ್ವಾಸು ಎಂದರೆ ಹತ್ತಿಯ ದಪ್ಪ ನೇಯ್ಗೆ. ಡೇರೆಗೆ ಬಳಸುವುದು ಸಾಮಾನ್ಯವಾಗಿ ಚದರ ಮೀಟರಿಗೆ 300ರಿಂದ 400 ಗ್ರಾಂ ತೂಕದ್ದು. ಒಣಗಿದ್ದಾಗ ಅದರ ಎಳೆಗಳ ನಡುವೆ ಗಾಳಿ ಆಡುತ್ತದೆ. ಮಳೆ ಬಿದ್ದಾಗ ಎಳೆಗಳು ನೀರು ಕುಡಿದು ಉಬ್ಬಿ ಸಂದುಗಳನ್ನು ಮುಚ್ಚಿಕೊಳ್ಳುತ್ತವೆ. ಆದ್ದರಿಂದ ಹೊಸ ಡೇರೆಯನ್ನು ಹಾಗೆಯೇ ಬಳಸಬಾರದು. ಒಮ್ಮೆ ಎತ್ತಿ ಕಟ್ಟಿ, ಪೈಪಿನಿಂದ ಪೂರ್ತಿ ನೆನೆಸಿ, ಪೂರ್ತಿ ಒಣಗಲು ಬಿಡಬೇಕು. ಹೀಗೆ ಎರಡು ಮೂರು ಸಲ ಮಾಡಿದರೆ ಹೊಲಿಗೆಯ ಸೂಜಿತೂತುಗಳೂ ಬಿಗಿದುಕೊಳ್ಳುತ್ತವೆ. ಮಳೆಯ ಹೊತ್ತಿನಲ್ಲಿ ಒಳಗಿನಿಂದ ಬಟ್ಟೆಗೆ ಮಂಚ, ಪೆಟ್ಟಿಗೆ, ಹಾಸಿಗೆ ತಾಗಬಾರದು. ತಾಗಿದ ಕಡೆಯಿಂದ ನೀರು ಜಿನುಗತೊಡಗುತ್ತದೆ.

ಪಿ.ವಿ.ಸಿ. ಲೇಪದ ಟಾರ್ಪಾಲು ಒಂದು ಹನಿಯನ್ನೂ ಬಿಡುವುದಿಲ್ಲವಲ್ಲ, ಅದೇ ಆಗದೇ ಎಂದು ಕೆಲವರು ಕೇಳುತ್ತಾರೆ. ಅದು ಹೊರಗಿನ ನೀರನ್ನು ಒಳಗೆ ಬಿಡುವುದಿಲ್ಲ, ಆದರೆ ಒಳಗಿನ ಆವಿಯನ್ನೂ ಹೊರಗೆ ಬಿಡುವುದಿಲ್ಲ. ಇಬ್ಬರು ಮಲಗಿದರೆ ಬೆಳಗಾಗುವಷ್ಟರಲ್ಲಿ ಉಸಿರಿನಿಂದಲೇ ಸುಮಾರು ಅರ್ಧ ಲೀಟರು ನೀರು ಹೊರಬೀಳುತ್ತದೆ. ಚಳಿಯ ರಾತ್ರಿ ಅದು ಟಾರ್ಪಾಲಿನ ಒಳಮೈಯಲ್ಲಿ ಹನಿಗಟ್ಟಿ ಹೊದಿಕೆಯ ಮೇಲೆ ಸುರಿಯುತ್ತದೆ. ಟಾರ್ಪಾಲು ಹೊರಹೊದಿಕೆಗೆ ಸರಿ, ಮಲಗುವ ಕೋಣೆಗೆ ಸಲ್ಲದು.

ಹತ್ತಿಗೆ ಪಾಲಿಯೆಸ್ಟರ್ ಬೆರೆಸಿದ ಬಟ್ಟೆಯೂ ಬರುತ್ತದೆ. ಅದು ಹಗುರ, ಕುಗ್ಗುವುದೂ ಕೊಳೆಯುವುದೂ ಕಡಿಮೆ. ಅಚ್ಚ ಹತ್ತಿಯೇ ಎಂದು ಹೇಳಿ ಮಾರಿದರೆ ಅಂಚಿನ ಒಂದು ಎಳೆ ಕಿತ್ತು ಸುಟ್ಟು ನೋಡಿ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಇದ್ದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ಕ್ಯಾನ್ವಾಸಿನ ಶತ್ರು ಮಳೆಯಲ್ಲ, ತೇವದಲ್ಲಿ ಬೆಳೆಯುವ ಬೂಷ್ಟು. ಅಡಿಕೆ ಗೊನೆಗೆ ಕೊಳೆ ಬರುವುದೂ ಇಂಥದೇ ಹವೆಯಲ್ಲಿ ಎಂಬುದು ನಮಗೆ ಗೊತ್ತು. ಬಟ್ಟೆಯನ್ನು ಕೊಳೆಯಿಂದ ಉಳಿಸಲು ಕಾರ್ಖಾನೆಗಳಲ್ಲಿ ಬಹುಕಾಲ ಬಳಸಿದ್ದೂ ತಾಮ್ರದ ಲವಣಗಳನ್ನೇ. ಹಾಗೆಂದು ಉಳಿದ ಬೋರ್ಡೋ ದ್ರಾವಣವನ್ನು ಡೇರೆಗೆ ಸಿಂಪಡಿಸಲು ಹೋಗಬೇಡಿ. ಆ ಸಂಸ್ಕಾರವೇ ಬೇರೆ. ಕೊಳ್ಳುವಾಗಲೇ ಕೊಳೆನಿರೋಧಕ, ಜಲನಿರೋಧಕ ಸಂಸ್ಕಾರ ಆಗಿದೆಯೇ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಹಿಂದಿನವರ ಡೇರೆಗಳು

ಡೇರೆ ನಮ್ಮ ನಾಡಿಗೆ ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪು ಸುಲ್ತಾನನ ಒಂದು ಡೇರೆ ಕ್ಲೈವ್ ಮನೆತನದ ಕೈಸೇರಿತು. ಹೂಬಳ್ಳಿಯ ಚಿತ್ತಾರವಿರುವ ಆ ಹತ್ತಿಯ ಡೇರೆ ವೇಲ್ಸ್‌ನ ಪೊವಿಸ್ ಕೋಟೆಯ ಸಂಗ್ರಹದಲ್ಲಿ ಇಂದಿಗೂ ಉಳಿದಿದೆ. ಬ್ರಿಟಿಷರ ಕಾಲದ ಜಿಲ್ಲಾಧಿಕಾರಿಗಳೂ ಡೇರೆಯಲ್ಲೇ ಬಿಡಾರ ಹೂಡಿ ಊರೂರು ತಿರುಗಿ ಜಮಾಬಂದಿ ನಡೆಸುತ್ತಿದ್ದರು. ಆದರೆ ಅವರ ಸರ್ಕೀಟು ಹೊರಡುತ್ತಿದ್ದುದು ಮಳೆ ನಿಂತ ಮೇಲೆ. ಆಳುಕಾಳುಗಳಿಗೆ ಕೊರತೆಯಿಲ್ಲದ ಅವರೇ ಮಳೆಗಾಲದಲ್ಲಿ ಬಂಗಲೆ ಸೇರುತ್ತಿದ್ದರು ಎಂಬುದನ್ನು ನಾವು ಮರೆಯಬಾರದು.

ನಾಲ್ಕು ಬಗೆ

1. ಇಳಿಜಾರು ಡೇರೆ. ಎರಡು ಕಂಬ, ಮೇಲೊಂದು ಅಡ್ಡಗಳ, ಎರಡು ಕಡೆ ಇಳಿಜಾರು. ಸ್ಕೌಟು ಹುಡುಗರು ಕಟ್ಟುವಂಥದು. ಅಗ್ಗ, ಇಬ್ಬರು ಬೇಗ ಕಟ್ಟಬಹುದು, ನೀರು ನಿಲ್ಲುವುದಿಲ್ಲ. ಆದರೆ ನಡುವೆ ಬಿಟ್ಟರೆ ಎಲ್ಲಿಯೂ ನೆಟ್ಟಗೆ ನಿಲ್ಲಲಾಗದು. ಕಣದ ಕಾವಲಿಗೆ ಇದೇ ಸಾಕು. ಅತಿಥಿಗೆ ಸಾಲದು.

2. ಗಂಟೆಯಾಕಾರದ ಡೇರೆ. ನಡುವೆ ಒಂದೇ ಕಂಬ, ಸುತ್ತ ದುಂಡು. ಅಮೆರಿಕದ ಸೇನಾಧಿಕಾರಿ ಹೆನ್ರಿ ಸಿಬ್ಲಿ ಅಲ್ಲಿನ ಮೂಲನಿವಾಸಿಗಳ ಟೀಪಿಯನ್ನು ನೋಡಿ ರೂಪಿಸಿ 1856ರಲ್ಲಿ ಹಕ್ಕುಪತ್ರ ಪಡೆದ ಡೇರೆ ಇದೇ ಜಾತಿಯದು. ಬ್ರಿಟಿಷ್ ಸೈನ್ಯದಲ್ಲೂ ಇಂಥದಿತ್ತು. ಯಾವ ದಿಕ್ಕಿನ ಗಾಳಿಯನ್ನೂ ತಡೆಯುತ್ತದೆ, ನೋಡಲು ಚೆಂದ. ಈಗ ಎಲ್ಲರೂ ಕೇಳುವುದು ಇದನ್ನೇ. ಆದರೆ ಜಾಗದ ಲೆಕ್ಕ ಹಾಕಿ ನೋಡಿ. 16 ಅಡಿ ವ್ಯಾಸದ್ದಾದರೆ ನೆಲ 200 ಚದರ ಅಡಿ. ಅಂಚಿನ ಗೋಡೆ 2 ಅಡಿ, ನಡುವಿನ ಎತ್ತರ 10 ಅಡಿ ಇದ್ದರೆ, ಆರಡಿಯ ಆಳು ತಲೆ ಎತ್ತಿ ನಿಲ್ಲಲು ಸಿಗುವುದು ನಡುವಿನ 8 ಅಡಿ ವ್ಯಾಸದ ವೃತ್ತ ಮಾತ್ರ, ಅಂದರೆ 50 ಚದರ ಅಡಿ. ಕೊಟ್ಟ ಹಣದಲ್ಲಿ ಮುಕ್ಕಾಲು ಪಾಲು ಜಾಗದಲ್ಲಿ ಬಗ್ಗಿಯೇ ಓಡಾಡಬೇಕು.

3. ಗೋಡೆಯ ಡೇರೆ. ನಮ್ಮ ದೇಶದಲ್ಲಿ ಸ್ವಿಸ್ ಕಾಟೇಜ್ ಎಂದು ಕರೆಯುವುದು ಇದರ ದೊಡ್ಡ ರೂಪ. ನೆಟ್ಟಗಿನ ಗೋಡೆ, ಮೇಲೆ ಇಳಿಜಾರು, ಅದರ ಮೇಲೆ ಅಂತರ ಬಿಟ್ಟು ಎರಡನೆಯ ಹೊದಿಕೆ, ಮುಂದೆ ಚಿಕ್ಕ ಜಗಲಿ, ಹಿಂದೆ ಬಚ್ಚಲು. ರಾಜಸ್ಥಾನದ ಪುಷ್ಕರ ಜಾತ್ರೆಯಲ್ಲಿ ಪ್ರವಾಸಿಗಳಿಗೆ ಹಾಕುವುದು ಇಂಥವನ್ನೇ. ಗೋಡೆ 6 ಅಡಿ ಇದ್ದರೆ 14 ಅಡಿ ಚೌಕದ ಡೇರೆಯಲ್ಲಿ 196 ಚದರ ಅಡಿ ಪೂರ್ತಿ ಬಳಕೆಗೆ ಸಿಗುತ್ತದೆ, ಮಂಚವನ್ನು ಗೋಡೆಯ ಹತ್ತಿರಕ್ಕೆ ಸರಿಸಬಹುದು. ಭಾರ ಹೆಚ್ಚು, ಕಟ್ಟಲು ನಾಲ್ಕಾಳು ಬೇಕು, ಅಗಲದ ಮಗ್ಗುಲು ಗಾಳಿಗೆ ಸಿಕ್ಕಿಕೊಳ್ಳುತ್ತದೆ.

4. ಗುಮ್ಮಟದ ನೈಲಾನ್ ಡೇರೆ. ಬೆನ್ನಿಗೆ ಹಾಕಿಕೊಂಡು ಬೆಟ್ಟ ಹತ್ತುವವರಿಗೆ ಆದೀತು. ಬಿಸಿಲೇರಿದರೆ ಒಳಗೆ ಕೂರಲಾಗದು.

ಅತಿಥಿಗಳಿಗಾದರೆ ನನ್ನ ಸಲಹೆ ಮೂರನೆಯದು, ಅದೂ ಎರಡು ಹೊದಿಕೆಯದು. ಹಗಲಿನ ಬಿಸಿಲನ್ನು ತಡೆಯುವುದೂ ರಾತ್ರಿಯ ಇಬ್ಬನಿಯನ್ನು ಹೊರುವುದೂ ಮೇಲಿನ ಹೊದಿಕೆಯೇ. ಹರಿದರೆ ಅದೊಂದನ್ನೇ ಬದಲಾಯಿಸಬಹುದು.

ನೆಲ ಮತ್ತು ಜಾಗ

ಡೇರೆಯ ಸುಖದಲ್ಲಿ ಅರ್ಧ ನೆಲದಲ್ಲಿದೆ. ಬರಿನೆಲದ ಮೇಲೆ ಹಾಕಿದರೆ ಕೆಳಗಿನಿಂದ ಶೀತ ಏರುತ್ತದೆ, ಅಂಚಿಗೆ ಗೆದ್ದಲು ಹತ್ತುತ್ತದೆ, ಮಳೆ ಶುರುವಾದರೆ ಉಂಬಳ ಒಳಗೇ ಬರುತ್ತದೆ. ಒಂದೂವರೆ ಎರಡು ಅಡಿ ಎತ್ತರದ ಕಲ್ಲುಗುತ್ತಿಗಳ ಮೇಲೆ ಹಲಗೆ ಹಾಸಿದ ಅಟ್ಟ ಮಾಡಿಕೊಳ್ಳಿ. ಅಡಿಕೆ ದಬ್ಬೆಯೂ ಆದೀತು, ಆದರೆ ಅದು ಮಣ್ಣಿಗೆ ತಾಗದಂತೆ, ಮಳೆ ಬೀಳದಂತೆ ಇರಬೇಕು. ಸುತ್ತ ನೀರು ಹೋಗಲು ಕಪ್ಪು ತೆಗೆಯಿರಿ.

ನೆರಳಿನ ಮರದ ಕೆಳಗೆ ತಂಪೆಂದು ಡೇರೆ ಹಾಕಬೇಡಿ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಲ್ವರ್ ಓಕಿನ, ಹಾಲುವಾಣದ ಕೊಂಬೆ ಬೀಳುವುದನ್ನು ನಾವೆಲ್ಲ ಕಂಡವರು. ಮಳೆ ನಿಂತ ಮೇಲೂ ಗಂಟೆಗಟ್ಟಲೆ ಮರದ ಹನಿ ನಿಲ್ಲುವುದಿಲ್ಲ. ಕಣ ಸಮತಟ್ಟಾಗಿದೆ ನಿಜ. ಆದರೆ ಡೇರೆಗೆ ಜನ ಬರುವ ತಿಂಗಳುಗಳಲ್ಲೇ ಅಲ್ಲಿ ಕಾಫಿ ಒಣಗಬೇಕು, ಆಳುಗಳೂ ಕೊಯ್ಲಿನಲ್ಲಿರುತ್ತಾರೆ. ಬೆಳೆಯ ಜಾಗವನ್ನು ಅತಿಥಿಗೆ ಬಿಟ್ಟುಕೊಡಬಾರದು.

ಡೇರೆಯ ಕಿರಿದಾದ ಬದಿ ಪಶ್ಚಿಮಕ್ಕೆ, ಬಾಗಿಲು ಪೂರ್ವಕ್ಕೆ ಇರಲಿ. ಹತ್ತಿಯ, ಸೆಣಬಿನ ಹಗ್ಗ ನೆನೆದಾಗ ಕುಗ್ಗಿ ಗೂಟವನ್ನೇ ಕಿತ್ತುಬಿಡುತ್ತದೆ. ಮೋಡ ಕಟ್ಟಿದ ಸಂಜೆ ಹಗ್ಗವನ್ನು ಸ್ವಲ್ಪ ಸಡಿಲಿಸಿ. ನೈಲಾನ್ ಹಗ್ಗವಾದರೆ ನೆನೆದು ಜೋಲುತ್ತದೆ, ಅದನ್ನು ಬಿಗಿಯಬೇಕು.

ವರ್ಷವಿಡೀ ಎಂದರೇನು?

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಆರಿದ್ರೆಯಿಂದ ಆಶ್ಲೇಷದವರೆಗೆ ಬಟ್ಟೆ ಒಣಗುವ ದಿನ ಸಿಗುವುದೇ ಕಷ್ಟ. ಒಣಗದ ಕ್ಯಾನ್ವಾಸು ಉಳಿಯುವುದಿಲ್ಲ. ಇಲ್ಲಿ ಎರಡೇ ದಾರಿ.

ಮೊದಲನೆಯದು, ಮೃಗಶಿರ ಮಳೆ ಹಿಡಿಯುವ ಮೊದಲೇ ಬಿಚ್ಚಿ ಚಿತ್ತೆ ಮುಗಿದ ಮೇಲೆ ಮತ್ತೆ ಕಟ್ಟುವುದು. ಬಿಚ್ಚುವ ಮುನ್ನ ಎರಡು ದಿನ ಗಟ್ಟಿ ಬಿಸಿಲಿನಲ್ಲಿ ಒಣಗಿಸಿ, ಮಣ್ಣನ್ನು ಒಣ ಬ್ರಷ್ಷಿನಿಂದ ಉದುರಿಸಿ. ಸೋಪು, ಸೋಪಿನ ಪುಡಿ ಹಾಕಬೇಡಿ, ಜಲನಿರೋಧಕ ಲೇಪ ತೊಳೆದುಹೋಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ, ಇಲಿ ಹತ್ತದಂತೆ ಅಟ್ಟದಲ್ಲಿ ತೂಗುಹಾಕಿ. ಮಳೆ ಹೊಳವಾದಾಗ ಒಮ್ಮೆ ಬಿಡಿಸಿ ನೋಡಿ.

ಎರಡನೆಯದು, ಡೇರೆಯ ಮೇಲೆ ಎರಡಡಿ ಅಂತರದಲ್ಲಿ ತಗಡಿನದೋ ಹೆಂಚಿನದೋ ಭದ್ರವಾದ ಮಾಡು ಕಟ್ಟಿ, ಪಶ್ಚಿಮಕ್ಕೆ ಎರಚಲು ಬಾರದಂತೆ ಜಗಲಿಗೆ ಕಟ್ಟುವ ಹಾಗೆ ಸೋಗೆ ತಟ್ಟಿ ಕಟ್ಟುವುದು. ಆದರೆ ಕಲ್ಲುಗುತ್ತಿ, ಮಾಡು, ಬಚ್ಚಲು ಇಷ್ಟೂ ಆದ ಮೇಲೆ ಉಳಿಯುವುದು ಗೋಡೆಯೊಂದೇ. ಅದನ್ನೂ ಇಟ್ಟಿಗೆಯಲ್ಲಿ ಕಟ್ಟಿದರೆ ಕೋಣೆಯೇ ಆಯಿತಲ್ಲ ಎಂಬ ಲೆಕ್ಕವನ್ನು ಮನೆಯಲ್ಲಿ ಕೂತು ಹಾಕಿ.

ಖರ್ಚಿನ ಮಾತು. ಡೇರೆಗೆ 1 ಲಕ್ಷ ರೂಪಾಯಿ, ವರ್ಷಕ್ಕೆ 60 ರಾತ್ರಿ ಅತಿಥಿಗಳು ಎಂದು ಇಟ್ಟುಕೊಳ್ಳೋಣ. ಬಿಚ್ಚಿ ಜೋಪಾನ ಮಾಡಿ 5 ವರ್ಷ ಬಾಳಿಸಿದರೆ ರಾತ್ರಿಯೊಂದಕ್ಕೆ ಬೀಳುವ ಬಂಡವಾಳ ಸುಮಾರು 333 ರೂಪಾಯಿ. ಮಳೆಗೆ ಬಿಟ್ಟು 2 ವರ್ಷಕ್ಕೇ ಕೊಳೆಯಿಸಿದರೆ 833 ರೂಪಾಯಿ. ವ್ಯತ್ಯಾಸ ಬರುವುದು ಡೇರೆಯ ಆಕಾರದಿಂದಲ್ಲ, ಜೂನ್ ತಿಂಗಳ ಎರಡು ದಿನದ ಕೆಲಸದಿಂದ.

ಪ್ರಾಣಕ್ಕೆ ಸಂಬಂಧಿಸಿದ್ದು

ಚಳಿಯೆಂದು ಡೇರೆಯೊಳಗೆ ಅಗ್ಗಿಷ್ಟಿಕೆ ಇಡುವುದು, ಇದ್ದಿಲ ಕೆಂಡ ತರುವುದು ಕೂಡದು. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಏಳುವುದೇ ಇಲ್ಲ. ಕ್ಯಾನ್ವಾಸು ಗಾಳಿಯಾಡುತ್ತದೆ ಎಂದು ನಂಬಬೇಡಿ. ನೆನೆದಾಗ ಅದರ ಸಂದುಗಳು ಮುಚ್ಚಿಕೊಳ್ಳುತ್ತವೆಂದು ಮೇಲೆಯೇ ಹೇಳಿದೆ. ಅತಿಥಿಗಳು ಕೇಳಿದರೂ ಕಂಬಳಿ ಇನ್ನೊಂದು ಕೊಡಿ, ಕೆಂಡ ಕೊಡಬೇಡಿ. ಬೆಂಕಿ ಹಾಕುವುದಿದ್ದರೆ ಡೇರೆಯಿಂದ ಮೂವತ್ತು ಅಡಿಯಾಚೆ, ಗಾಳಿಯ ಕೆಳಬದಿಗೆ. ಹತ್ತಿರ ಮರಳಿನ ಬಕೀಟು ಇರಲಿ.

ಆನೆ ತಿರುಗುವ ಕಡೆಯ ಸದಸ್ಯರಿಗೆ ಒಂದು ಮಾತು. 2021ರ ಜನವರಿಯಲ್ಲಿ ಕೇರಳದ ವಯನಾಡಿನ ಮೇಪ್ಪಾಡಿ ಬಳಿ ಡೇರೆ ಶಿಬಿರದಲ್ಲಿ ತಂಗಿದ್ದ ಮಹಿಳೆಯೊಬ್ಬರು ಕಾಡಾನೆಯ ದಾಳಿಗೆ ಬಲಿಯಾದರು. ಬಟ್ಟೆಯ ಗೋಡೆ ಆನೆಗೆ ಗೋಡೆಯಲ್ಲ. ನಿಮ್ಮ ತೋಟದಲ್ಲಿ ಆನೆದಾರಿ ಇದ್ದರೆ ಡೇರೆಯ ಯೋಚನೆಯನ್ನೇ ಬಿಡಿ. ಬಚ್ಚಲು ಡೇರೆಗೆ ತಾಗಿಯೇ ಇರಬೇಕೆನ್ನುವುದೂ ಇದಕ್ಕಾಗಿಯೇ. ರಾತ್ರಿ ಅತಿಥಿ ಹೊರಗೆ ನಡೆಯುವಂತಾಗಬಾರದು.

ಕೊನೆಯದಾಗಿ, ಮುಂಗಡ ಕೊಡುವ ಮೊದಲು ಗ್ರಾಮ ಪಂಚಾಯತಿಯಲ್ಲೂ ಪ್ರವಾಸೋದ್ಯಮ ಇಲಾಖೆಯಲ್ಲೂ ಅನುಮತಿಯ ವಿಚಾರ ಕೇಳಿಕೊಳ್ಳಿ, ಕಾಡಂಚಿನವರು ಅರಣ್ಯ ಇಲಾಖೆಯನ್ನೂ ವಿಚಾರಿಸಿ. ಆಮೇಲೆ ಮಾರುವವರಿಂದ ಒಂದು ಮೊಳ ಬಟ್ಟೆಯನ್ನು ಮಾದರಿಗೆ ತರಿಸಿ, ಎಳೆ ಸುಟ್ಟು ನೋಡಿ, ಉಳಿದದ್ದನ್ನು ಒಂದು ಮಳೆಗಾಲ ಬಚ್ಚಲಿನ ಹಿಂದೆ ತೂಗುಹಾಕಿ. ನಾಲ್ಕೈದು ಸದಸ್ಯರು ಸೇರಿ ತರಿಸಿದರೆ ದರದಲ್ಲೂ ಸಾಗಾಣಿಕೆಯಲ್ಲೂ ಉಳಿತಾಯವಾದೀತು. ಅಂಥವರು ಕಚೇರಿಗೆ ಬಂದರೆ ಕೂತು ಮಾತಾಡೋಣ.

— ಕಾರ್ಯದರ್ಶಿ