ನ್ಯಾಯದ ಕದ ತಟ್ಟಲು ಸಂಕೋಚವೇಕೆ?

ವೈಟ್‌ಫೀಲ್ಡ್ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಗಾಜಿನ ಕಟ್ಟಡಗಳು, ಕೊರಳಲ್ಲಿ ಗುರುತಿನ ಚೀಟಿ ತೂಗಿಕೊಂಡು ಓಡುವ ಯುವಕ ಯುವತಿಯರು. ಆದರೆ ಆ ಕಟ್ಟಡಗಳ ಹಿಂದೆ ಕಾಡುಗೋಡಿ, ಹೂಡಿ, ಮಹದೇವಪುರದ ಗಲ್ಲಿಗಳಿವೆ. ಅಲ್ಲಿನ ಬಾಡಿಗೆ ಮನೆಗಳಲ್ಲಿ ಎಲ್ಲೆಲ್ಲಿಂದಲೋ ಬಂದ ನಮ್ಮ ಕುಟುಂಬಗಳಿವೆ. ಒಬ್ಬರು ಭಟ್ಕಳದವರು, ಇನ್ನೊಬ್ಬರು ರಾಯಚೂರಿನವರು, ಮತ್ತೊಬ್ಬರು ಮಂಗಳೂರಿನ ಕಡೆಯವರು.

ಸಹೋದರಿ, ಅಂತಹ ಒಂದು ಮನೆಯಲ್ಲಿ ನೀವಿದ್ದೀರಿ ಎಂದು ಊಹಿಸಿಕೊಳ್ಳಿ. ದಾಂಪತ್ಯದಲ್ಲಿ ಬಿರುಕು ಬಿಟ್ಟಿದೆ. ಊರಿನಲ್ಲಾಗಿದ್ದರೆ ಅಪ್ಪ, ಚಿಕ್ಕಪ್ಪ, ಜಮಾಅತಿನ ಹಿರಿಯರು ಸಂಜೆಯೊಳಗೆ ಬಂದು ಕೂರುತ್ತಿದ್ದರು. ಇಲ್ಲಿ ಪಕ್ಕದ ಮನೆಯವರ ಹೆಸರೇ ಗೊತ್ತಿಲ್ಲ. ನಿಕಾಹ್ ಪುಸ್ತಕಕ್ಕೆ ಸಹಿ ಹಾಕಿದ್ದು ನೆನಪಿದೆ, ಅದರ ಪ್ರತಿ ಎಲ್ಲಿದೆಯೆಂದು ತಿಳಿಯದು. ಪತಿ ಒಂದು ದಿನ ಮನೆಗೆ ಬರುವುದನ್ನೇ ನಿಲ್ಲಿಸುತ್ತಾನೆ. ಬಾಡಿಗೆಯ ದಿನ ಹತ್ತಿರ ಬರುತ್ತಿದೆ. ಮಗುವಿನ ಶಾಲೆಯ ಫೀಸು ಬಾಕಿಯಿದೆ. ಆಗ ನೀವು ಯಾರ ಬಳಿ ಹೋಗುತ್ತೀರಿ?

“ಕೋರ್ಟು ಕಚೇರಿ ನಮ್ಮಂಥವರಿಗಲ್ಲ, ಮರ್ಯಾದೆ ಹೋಗುತ್ತದೆ” ಎಂಬ ಮಾತು ನಮ್ಮ ಮನೆಗಳಲ್ಲಿ ಸಾಮಾನ್ಯ. ಆದರೆ ಮಾತನಾಡದೆ ಕುಳಿತ ಒಂದೊಂದು ವರ್ಷಕ್ಕೂ ಬೆಲೆ ತೆರಬೇಕಾಗುತ್ತದೆ. ಅದನ್ನು ನಮ್ಮ ಬೆಂಗಳೂರಿನದೇ ಒಂದು ಪ್ರಕರಣ ಹೇಳುತ್ತದೆ.

ಮೂವತ್ತು ವರ್ಷಗಳ ಪಾಠ

1991ರಲ್ಲಿ ಬೆಂಗಳೂರಿನ ಒಬ್ಬ ಪತಿ ಮದುವೆಯಾದ ಕೆಲವೇ ತಿಂಗಳಲ್ಲಿ ಪತ್ನಿಗೆ ತಲಾಕ್ ಹೇಳಿದ. ಮಹ್ರ್ ಕೇವಲ ಐದು ಸಾವಿರ ರೂಪಾಯಿ. ಆಕೆ ಜೀವನಾಂಶ ಕೋರಿ ದಾವೆ ಹೂಡಿದ್ದು 2002ರಲ್ಲಿ. ಕೌಟುಂಬಿಕ ನ್ಯಾಯಾಲಯ 2011ರಲ್ಲಿ ತಿಂಗಳಿಗೆ ಮೂರು ಸಾವಿರ ರೂಪಾಯಿ ಕೊಡಬೇಕೆಂದು ತೀರ್ಪಿತ್ತಿತು. ಆತ ಮತ್ತೆ ಹೈಕೋರ್ಟಿನ ಮೆಟ್ಟಿಲೇರಿದ. ತಾನು ಇನ್ನೊಂದು ಮದುವೆಯಾಗಿದ್ದೇನೆ, ಮಗುವಿದೆ ಎಂದ. 2021ರ ಅಕ್ಟೋಬರಿನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು ಆತನ ಅರ್ಜಿಯನ್ನು ಇಪ್ಪತ್ತೈದು ಸಾವಿರ ರೂಪಾಯಿ ದಂಡದೊಂದಿಗೆ ತಳ್ಳಿಹಾಕಿದರು. ನಿಕಾಹ್ ಒಂದು ಒಪ್ಪಂದ ಹೌದು, ಆದರೆ ಅದು ಮುರಿದ ಮಾತ್ರಕ್ಕೆ ಅದರಿಂದ ಹುಟ್ಟಿದ ಹೊಣೆಗಳೆಲ್ಲ ಅಳಿದುಹೋಗುವುದಿಲ್ಲ ಎಂಬುದು ಆ ತೀರ್ಪಿನ ಸಾರ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಜೀವನಾಂಶ ಲೆಕ್ಕಕ್ಕೆ ಬಂದದ್ದು ದಾವೆ ಹೂಡಿದ ದಿನದಿಂದ. ತಲಾಕಿನ ನಂತರದ ಮೊದಲ ಹತ್ತು ವರ್ಷಗಳಿಗೂ ಹೆಚ್ಚಿನ ಕಾಲ ಆ ತಿಂಗಳ ಲೆಕ್ಕದಲ್ಲಿ ಸೇರಲೇ ಇಲ್ಲ. ಹಕ್ಕು ಇದ್ದರೆ ಸಾಲದು, ಅದನ್ನು ಸಕಾಲದಲ್ಲಿ ಕೇಳಬೇಕು.

ದೀನ್ ಅಡ್ಡ ಬರುತ್ತದೆಯೇ?

ನ್ಯಾಯಾಲಯಕ್ಕೆ ಹೋದರೆ ಶರೀಅತ್ತಿಗೆ ವಿರುದ್ಧವಾದೀತೆಂದು ಅಂಜುವವರಿದ್ದಾರೆ. ಪವಿತ್ರ ಕುರ್‌ಆನ್ ಹೇಳುವುದೇನು? ಒಡಕಿನ ಭಯವಿದ್ದಾಗ ಎರಡೂ ಕುಟುಂಬಗಳಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಬೇಕೆಂದು ಅನ್ನಿಸಾ ಅಧ್ಯಾಯದ 35ನೇ ಸೂಕ್ತ ಆದೇಶಿಸುತ್ತದೆ. ಉಳಿಸಿಕೊಳ್ಳುವುದಾದರೆ ಸೌಜನ್ಯದಿಂದ, ಬಿಡುವುದಾದರೂ ಸೌಜನ್ಯದಿಂದ ಎಂಬುದು ಅಲ್‌ಬಕರದ ಬೋಧನೆ. ಅದೇ ಅಧ್ಯಾಯದ 241ನೇ ಸೂಕ್ತ ವಿಚ್ಛೇದಿತೆಗೆ ನ್ಯಾಯವಾದ ಜೀವನಾಧಾರ ನೀಡುವುದನ್ನು ದೇವಭಯವುಳ್ಳವರ ಹೊಣೆಯಾಗಿಸಿದೆ. 2002ರ ಶಮೀಮ್ ಆರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಇದನ್ನೇ: ತಲಾಕಿಗೆ ಸಕಾರಣ ಇರಬೇಕು, ಅದಕ್ಕೆ ಮುನ್ನ ಇಬ್ಬರು ಮಧ್ಯಸ್ಥರಿಂದ ಸಂಧಾನದ ಯತ್ನ ನಡೆದಿರಬೇಕು.

ಆದ್ದರಿಂದ ಮೊದಲ ಹೆಜ್ಜೆ ಸಂಧಾನವೇ. ಊರಿನ ಹಿರಿಯರನ್ನು ಕರೆಸಿ. ಕೌಟುಂಬಿಕ ನ್ಯಾಯಾಲಯಕ್ಕೆ ಹೋದರೂ ರಾಜಿಗೆ ಯತ್ನಿಸುವುದು ಆ ನ್ಯಾಯಾಲಯದ ಕರ್ತವ್ಯವೆಂದು 1984ರ ಕಾಯ್ದೆಯೇ ಹೇಳಿದೆ. ಆದರೆ ಜಮಾಅತಿನಲ್ಲಿ ಆದ ರಾಜಿ ಬರಿಯ ಬಾಯಿಮಾತಾಗಿ ಉಳಿಯಬಾರದು. ಬರೆದು, ಇಬ್ಬರೂ ಸಹಿ ಹಾಕಿ, ಪ್ರತಿ ಇಟ್ಟುಕೊಳ್ಳಿ. ಖಾಸಗಿ ಶರೀಅತ್ ಮಂಡಳಿಗಳ ಫತ್ವಾಕ್ಕೆ ಕಾನೂನಿನ ಬಲವಿಲ್ಲವೆಂದು ಸುಪ್ರೀಂ ಕೋರ್ಟು 2014ರಲ್ಲಿ ಸ್ಪಷ್ಟಪಡಿಸಿದೆ.

ಮೊಬೈಲಿಗೆ ಬಂದ ತಲಾಕ್

ಒಂದೇ ಉಸಿರಿಗೆ ಮೂರು ತಲಾಕ್ ಹೇಳುವುದನ್ನು 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು ಅಸಿಂಧುಗೊಳಿಸಿತು. 2019ರ ಕಾಯ್ದೆ ಅದನ್ನು ಮೂರು ವರ್ಷಗಳವರೆಗೆ ಜೈಲು ವಿಧಿಸಬಹುದಾದ ಅಪರಾಧವಾಗಿಸಿತು. ಬಾಯಿಯಲ್ಲಿ ಹೇಳಿದರೂ ಅಷ್ಟೇ, ವಾಟ್ಸಾಪ್‌ನಲ್ಲಿ ಕಳಿಸಿದರೂ ಅಷ್ಟೇ. ಅಂಥ ಸಂದೇಶ ಬಂದರೆ ಗಾಬರಿಯಾಗಿ ಅಳಿಸಿಬಿಡಬೇಡಿ. ಕಾನೂನಿನ ದೃಷ್ಟಿಯಲ್ಲಿ ನೀವು ಇನ್ನೂ ಪತ್ನಿಯೇ. ನಿಮಗೂ ಮಕ್ಕಳಿಗೂ ಜೀವನ ಭತ್ಯೆಯನ್ನು, ಅಪ್ರಾಪ್ತ ಮಕ್ಕಳ ಪಾಲನೆಯನ್ನು ಅದೇ ಕಾಯ್ದೆಯಡಿ ಕೇಳಬಹುದು. ಪೊಲೀಸ್ ದೂರು ಕೊಟ್ಟ ಮೇಲೆ ಬಾಳು ಮತ್ತೆ ಕೂಡುವುದು ಕಷ್ಟವಾಗಬಹುದು ಎಂಬುದನ್ನೂ ಯೋಚಿಸಿ, ಬಲ್ಲ ವಕೀಲರನ್ನು ಕೇಳಿ ಮುಂದುವರಿಯಿರಿ.

ಬಿಡುಗಡೆ ಬೇಕಾದವಳಿಗೆ

ಸಾಬಿತ್ ಬಿನ್ ಕೈಸ್(ರ)ರ ಪತ್ನಿ ಪ್ರವಾದಿವರ್ಯರ(ಸ) ಬಳಿ ಬಂದು ತನಗೆ ಆ ದಾಂಪತ್ಯ ಒಗ್ಗದೆಂದಾಗ, ಮಹ್ರ್ ಆಗಿ ಪಡೆದ ತೋಟವನ್ನು ಹಿಂದಿರುಗಿಸಿ ಬಿಡುಗಡೆ ಪಡೆದ ಘಟನೆ ಬುಖಾರಿಯಲ್ಲಿದೆ. ಅದೇ ಖುಲಾ. ಇಬ್ಬರೂ ಒಪ್ಪಿ ಬೇರೆಯಾಗುವುದು ಮುಬಾರಾತ್.

ಪತಿ ಬಾಳಿಸುವುದೂ ಇಲ್ಲ, ಬಿಡುವುದೂ ಇಲ್ಲ ಎಂದಾದರೆ 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ ಇದೆ. ನಾಲ್ಕು ವರ್ಷ ಪತಿಯ ಸುಳಿವಿಲ್ಲದಿದ್ದರೆ, ಎರಡು ವರ್ಷ ಜೀವನೋಪಾಯ ಕೊಡದಿದ್ದರೆ, ಸಕಾರಣವಿಲ್ಲದೆ ಮೂರು ವರ್ಷ ದಾಂಪತ್ಯದ ಹೊಣೆ ನಿಭಾಯಿಸದಿದ್ದರೆ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾಗಿದ್ದರೆ, ಕ್ರೂರವಾಗಿ ನಡೆಸಿಕೊಂಡರೆ ಪತ್ನಿ ವಿಚ್ಛೇದನ ಕೋರಬಹುದು. ಈ ಕಾಯ್ದೆ ಯಾರೋ ಹೊರಗಿನವರು ಹೇರಿದ್ದಲ್ಲ. ಹನಫಿ ಮದ್‌ಹಬ್‌ನಲ್ಲಿ ದಾರಿ ಕಾಣದೆ ಹೆಣ್ಣುಮಕ್ಕಳು ಕಷ್ಟಪಡುತ್ತಿದ್ದಾಗ, ಮಾಲಿಕಿ ಮದ್‌ಹಬ್‌ನ ಆಧಾರದಿಂದ ದಾರಿ ತೆರೆದವರು ಮೌಲಾನಾ ಅಶ್ರಫ್ ಅಲಿ ಥಾನವಿಯವರಂಥ ನಮ್ಮ ಉಲಮಾಗಳೇ.

ಊಟ, ಬಾಡಿಗೆ, ಸೂರು

1985ರ ಶಾ ಬಾನು ತೀರ್ಪು, ಅದರ ಬೆನ್ನಿಗೇ ಬಂದ 1986ರ ಕಾಯ್ದೆ, ಆಗಿನ ಗದ್ದಲ ಎಲ್ಲವೂ ಹಿರಿಯ ಓದುಗರಿಗೆ ನೆನಪಿರಬಹುದು. ಇದ್ದತ್ತಿನ ಮೂರು ತಿಂಗಳಿಗೆ ಕೊಟ್ಟರೆ ಮುಗಿಯಿತೆಂದು ಈಗಲೂ ಹೇಳುವವರಿದ್ದಾರೆ. ಅದು ಸರಿಯಲ್ಲ. ವಿಚ್ಛೇದಿತೆಯ ಮುಂದಿನ ಬದುಕಿಗೂ ಸಾಲುವಷ್ಟು ಏರ್ಪಾಟನ್ನು ಇದ್ದತ್ತಿನೊಳಗೆ ಮಾಡಬೇಕೆಂದು 2001ರ ಡ್ಯಾನಿಯಲ್ ಲತೀಫಿ ತೀರ್ಪು ಹೇಳಿದೆ. ಎಲ್ಲ ಧರ್ಮದವರಿಗೂ ಇರುವ ಸಾಮಾನ್ಯ ಜೀವನಾಂಶದ ಕಲಮು ಮುಸ್ಲಿಂ ವಿಚ್ಛೇದಿತೆಗೂ ಅನ್ವಯಿಸುತ್ತದೆಂದು 2024ರ ಜುಲೈ 10ರಂದು ಸುಪ್ರೀಂ ಕೋರ್ಟು ಹೇಳಿತು. ಹಿಂದೆ 125 ಆಗಿದ್ದ ಆ ಕಲಮು ಈಗ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144.

ಮನೆಯಿಂದ ಹೊರಹಾಕಿದರೆ ಅಥವಾ ಹೊಡೆದು ಬಡಿದು ಮಾಡಿದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಕೊಡಬಹುದು. ಸಂಸಾರ ನಡೆಸಿದ ಮನೆ ಬಾಡಿಗೆಯದಾದರೂ ಅಲ್ಲಿ ಉಳಿಯುವ ಹಕ್ಕು ನಿಮಗಿದೆ. ಸಂದರ್ಭ ನೋಡಿ ಬೇರೆ ಮನೆಯ ಬಾಡಿಗೆ ಕೊಡುವಂತೆಯೂ ಪತಿಗೆ ಆದೇಶಿಸಬಹುದು.

“ಮದುವೆ ಊರಿನಲ್ಲಾಯಿತು, ಕೇಸೂ ಅಲ್ಲೇ ಹಾಕಬೇಕಲ್ಲ?” ಎಂಬ ಚಿಂತೆ ಬೇಡ. ನೀವು ಈಗ ವಾಸವಾಗಿರುವ ಸ್ಥಳದಲ್ಲೇ ಜೀವನಾಂಶಕ್ಕೂ ರಕ್ಷಣೆಗೂ ಅರ್ಜಿ ಹಾಕಬಹುದು. ಮಗುವಿನ ಪಾಲನೆಯ ವಿಷಯ ಮಾತ್ರ ಮಗು ಸಾಮಾನ್ಯವಾಗಿ ವಾಸಿಸುವ ಊರಿಗೆ ಸೇರಿದ್ದು.

ಮಗು ಯಾರ ಬಳಿ?

ತಾಯಿಯಿಂದ ಮಗುವನ್ನು ಕಿತ್ತುಕೊಳ್ಳಲು ಪತಿ ಹೊರಟಾಗ ಒಬ್ಬ ಮಹಿಳೆ ಪ್ರವಾದಿವರ್ಯರ(ಸ) ಬಳಿ ದೂರು ತಂದರು. ನೀನು ಮರುಮದುವೆಯಾಗುವವರೆಗೆ ಮಗುವಿನ ಮೇಲೆ ನಿನಗೇ ಹೆಚ್ಚು ಹಕ್ಕು ಎಂಬರ್ಥದ ಉತ್ತರ ಅವರಿಗೆ ಸಿಕ್ಕಿದ್ದನ್ನು ಅಬೂದಾವೂದ್ ವರದಿ ಮಾಡಿದ್ದಾರೆ. ಹನಫಿಗಳಲ್ಲಿ ಗಂಡುಮಗು ಏಳು ವರ್ಷದವರೆಗೆ, ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೆ ತಾಯಿಯ ಬಳಿ. ಕರಾವಳಿಯ ಶಾಫಿಈಗಳಲ್ಲಿ ತಿಳಿವಳಿಕೆ ಬಂದ ಮಗುವಿನ ಆಯ್ಕೆಗೆ ಬೆಲೆ. ನ್ಯಾಯಾಲಯ 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯಡಿ ಇದೆಲ್ಲವನ್ನೂ ನೋಡುತ್ತದೆ. ಆದರೆ ಕೊನೆಗೆ ತೂಗುವುದು ಮಗುವಿನ ಹಿತವನ್ನು.

ಸಂಬಳ ಕಡಿಮೆ ಎಂಬ ಒಂದೇ ಕಾರಣಕ್ಕೆ ತಾಯಿ ಮಗುವನ್ನು ಕಳೆದುಕೊಳ್ಳುವುದಿಲ್ಲ. ಮಗು ತಾಯಿಯ ಬಳಿಯಿದ್ದರೂ ಖರ್ಚಿನ ಹೊಣೆ ತಂದೆಯದೇ. ಹಾಗೆಯೇ ಮಗುವನ್ನು ನೋಡುವ, ಮಾತನಾಡಿಸುವ ಹಕ್ಕು ತಂದೆಗಿದೆ. ರಾತ್ರೋರಾತ್ರಿ ಮಗುವನ್ನು ಊರಿಗೆ ಸಾಗಿಸುವುದು, ಶಾಲೆ ಬಿಡಿಸುವುದು, ಪಾಸ್‌ಪೋರ್ಟ್ ಅಡಗಿಸಿಡುವುದು ಯಾರು ಮಾಡಿದರೂ ತಪ್ಪು. ಮಗುವಿನ ನೆಪದಲ್ಲಿ ತಾಯಿಗಾಗಲಿ ತಂದೆಗಾಗಲಿ ತೊಂದರೆ ಕೊಡಬಾರದೆಂದು ಅಲ್‌ಬಕರದ 233ನೇ ಸೂಕ್ತ ಎಚ್ಚರಿಸುತ್ತದೆ. ಸಹೋದರರೇ, ಈ ಮಾತು ನಿಮಗೂ ಸೇರಿ.

ವಕೀಲರಿಗೆ ಕೊಡಲು ಹಣವಿಲ್ಲವೇ?

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೂ ಮಕ್ಕಳಿಗೂ ವರಮಾನ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಕಾರ್ಖಾನೆ ಕಾರ್ಮಿಕರೂ ಆ ಪಟ್ಟಿಯಲ್ಲಿದ್ದಾರೆ. 15100ಕ್ಕೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ. ಮಹಿಳಾ ಸಹಾಯವಾಣಿ 181. ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯಗಳು, ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ, 2007ರಲ್ಲಿ ಆರಂಭವಾದ ಮಧ್ಯಸ್ಥಿಕೆ ಕೇಂದ್ರ ಇವೆಲ್ಲ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿವೆ. ಒಂದು ಕಾಲದಲ್ಲಿ ವೈಟ್‌ಫೀಲ್ಡ್‌ನಿಂದ ಅಲ್ಲಿಗೆ ಹೋಗಿ ಬರಲು ಇಡೀ ದಿನ ಬೇಕಿತ್ತು. 2023ರ ಅಕ್ಟೋಬರಿನಿಂದ ಮೆಟ್ರೋ ನೇರವಾಗಿ ನಗರದ ನಡುವಿಗೆ ಓಡುತ್ತಿದೆ. ಅಲ್ಲಿಂದ ಮುಂದೆ ಬಸ್ಸೋ ಆಟೋವೋ ಸಾಕು.

ಇಂದೇ ತೆಗೆದಿಡಿ

ಜಗಳವಿಲ್ಲದ ಮನೆಯವರೂ ಮಾಡಬಹುದಾದ ಕೆಲಸ ಇದು. ಊರಿನ ಜಮಾಅತಿನಿಂದ ನಿಕಾಹ್‌ನಾಮೆಯ ಪ್ರತಿ ತರಿಸಿಕೊಳ್ಳಿ. ಅದರಲ್ಲಿ ಮಹ್ರ್ ಎಷ್ಟು, ಸಂದಾಯವಾಗಿದೆಯೇ ಇಲ್ಲವೇ ಎಂಬುದು ಸ್ಪಷ್ಟವಾಗಿರಲಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ ನೋಂದಾಯಿಸಿ. ವಕ್ಫ್ ಮಂಡಳಿಗೆ ವಿವಾಹ ಪ್ರಮಾಣಪತ್ರ ಕೊಡುವ ಅಧಿಕಾರ ನೀಡಿದ್ದ 2023ರ ಸರಕಾರಿ ಆದೇಶಕ್ಕೆ ಹೈಕೋರ್ಟು 2024ರ ನವೆಂಬರಿನಲ್ಲಿ ತಡೆ ನೀಡಿದ್ದರಿಂದ ಅದೊಂದನ್ನೇ ನಂಬಿ ಕೂರಬೇಡಿ. ಮಗುವಿನ ಜನನ ಪ್ರಮಾಣಪತ್ರ, ಶಾಲೆಯ ರಸೀದಿ, ಬಾಡಿಗೆ ಕರಾರು, ಬ್ಯಾಂಕ್ ಪಾಸ್‌ಬುಕ್, ಒಡವೆಗಳ ಬಿಲ್ಲು, ಆಸ್ಪತ್ರೆಯ ಚೀಟಿ ಎಲ್ಲದರ ಒಂದು ಪ್ರತಿ ನಿಮ್ಮ ಕೈಗೆ ಸಿಗುವಲ್ಲಿರಲಿ. ಜೀವನಾಂಶದ ಪ್ರಕರಣಗಳಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ಪ್ರಮಾಣಪತ್ರ ಸಲ್ಲಿಸಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟು ವಿಧಿಸಿದೆ. ಆಗ ಈ ಕಾಗದಗಳೇ ನಿಮ್ಮ ಪರವಾಗಿ ಮಾತನಾಡುತ್ತವೆ.

ತಲಾಕ್ ಅನುಮತಿಸಲ್ಪಟ್ಟಿದೆ, ಆದರೆ ಯಾರೂ ಅದನ್ನು ಹಾರೈಸುವುದಿಲ್ಲ. ಮನೆಗಳು ಉಳಿಯಲಿ ಎಂಬುದೇ ನಮ್ಮೆಲ್ಲರ ದುಆ. ಉಳಿಯದ ಮನೆಯಿಂದ ಹೊರಬರುವ ಹೆಣ್ಣುಮಗಳಾದರೂ ಬರಿಗೈಯಲ್ಲಿ ಬರಬಾರದು. ನಿಮ್ಮ ಪಕ್ಕದ ಮನೆಯ ಬಾಗಿಲ ಹಿಂದೆ ಅಂಥವಳೊಬ್ಬಳು ಮೌನವಾಗಿ ಕುಳಿತಿರಬಹುದು. ಅವಳ ಹೆಸರು ಕೇಳಿ. ಬೇಕಾದರೆ ಅವಳ ಜೊತೆ ನ್ಯಾಯದೇಗುಲದವರೆಗೆ ಒಮ್ಮೆ ಹೋಗಿ ಬನ್ನಿ. ಸಾಂತ್ವನದ ನೂರು ಮಾತಿಗಿಂತ ಅದು ಅವಳಿಗೆ ದೊಡ್ಡದಾದೀತು.