ಕೆಂಡದ ಕೋಳಿಗೆ ಮನೆಯದೇ ಪುಡಿ



ಭಾನುವಾರ ಕೋಳಿ ಸುಟ್ಟು ತಿನ್ನೋಣ ಅನ್ನಿಸಿದ ಕೂಡಲೇ ನಾವು ಅಂಗಡಿಯಿಂದ ಮಸಾಲೆ ಪ್ಯಾಕೆಟ್ ತರುತ್ತೇವೆ. ಒಮ್ಮೆ ಅದರ ಹಿಂಬದಿ ಓದಿ ನೋಡಿ. ಯಾವುದು ಹೆಚ್ಚು ಇದೆಯೋ ಅದರ ಹೆಸರನ್ನು ಮೊದಲು ಬರೆಯಬೇಕೆಂಬುದು ನಿಯಮ. ಉಪ್ಪಿನ ಹೆಸರು ಮೇಲಿದ್ದರೆ, ಖಾರಕ್ಕೆಂದು ಇನ್ನೊಂದು ಚಮಚ ಹಾಕಿದಾಗ ಉಪ್ಪೂ ಏರುತ್ತದೆ. ಮನೆಯಲ್ಲಿ ಬಿ.ಪಿ. ಇರುವ ಅಪ್ಪನೋ ಅತ್ತೆಯೋ ಇದ್ದರೆ ಅವರ ತಟ್ಟೆಗೆ ಏನು ಬಡಿಸುವುದು? ಅದಕ್ಕೇ ಪುಡಿ ಮನೆಯಲ್ಲೇ ಆಗಲಿ, ಉಪ್ಪು ಬೇರೆಯೇ ಇರಲಿ.

ಮೊದಲು ಮೆಣಸಿನಕಾಯಿ. ಬಣ್ಣಕ್ಕೆ ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ, ಖಾರಕ್ಕೆ ಗುಂಟೂರು. ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಅದಿದ್ದರೆ ಕೆಂಪು ಬಣ್ಣದ ಬಾಟಲಿ ಬೇಕಿಲ್ಲ. ಮುಂಬೈನವರು ಲಾಲ್‌ಬಾಗ್‌ನ ಮಿರ್ಚಿ ಗಲ್ಲಿಯಲ್ಲಿ, ಹೈದರಾಬಾದಿನವರು ಬೇಗಂ ಬಜಾರಿನಲ್ಲಿ, ದಿಲ್ಲಿಯವರು ಖಾರಿ ಬಾವ್ಲಿಯಲ್ಲಿ ಕೇಳಿ ನೋಡಿ.

12 ಬ್ಯಾಡಗಿ, 3 ಗುಂಟೂರು, 3 ದೊಡ್ಡ ಚಮಚ ಕೊತ್ತಂಬರಿ ಬೀಜ, 1 ದೊಡ್ಡ ಚಮಚ ಜೀರಿಗೆ, 1 ಸಣ್ಣ ಚಮಚ ಕಾಳುಮೆಣಸು, 5 ಲವಂಗ, ಬೆರಳುದ್ದ ಚಕ್ಕೆ, ಅರ್ಧ ಸಣ್ಣ ಚಮಚ ಅರಿಶಿನ. ಇದು ಸುಮಾರು 2 ಕಿಲೋ ಮಾಂಸಕ್ಕೆ ಸಾಕು.

ಎಲ್ಲವನ್ನೂ ಒಟ್ಟಿಗೆ ಹುರಿಯಬೇಡಿ. ಕೊತ್ತಂಬರಿ ಘಮ ಬಿಡುವಷ್ಟರಲ್ಲಿ ಜೀರಿಗೆ ಕಪ್ಪಾಗಿರುತ್ತದೆ. ಒಂದೊಂದನ್ನೇ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ. ಪುಡಿ ಹೇಗೂ ಮತ್ತೆ ಬೆಂಕಿ ಕಾಣುತ್ತದೆ, ಈಗಲೇ ಕೆಂಪಗೆ ಹುರಿದರೆ ಆಮೇಲೆ ಕಹಿಯಾಗುತ್ತದೆ. ಮೆಣಸಿನಕಾಯಿಯ ಸರದಿ ಬಂದಾಗ ಕಿಟಕಿ ತೆರೆದಿಡಿ, ಇಲ್ಲವಾದರೆ ಮೇಲಿನ ಮನೆಯವರು ಕೆಮ್ಮುತ್ತಾ ಬಾಗಿಲು ತಟ್ಟಿಯಾರು! ಪೂರ್ತಿ ಆರಿದ ಮೇಲೆ ಅರಿಶಿನ ಸೇರಿಸಿ ತರಿತರಿಯಾಗಿ ಪುಡಿ ಮಾಡಿ. ಬಿಸಿಯಲ್ಲೇ ಪುಡಿ ಮಾಡಿದರೆ ಹಬೆಗೆ ಗಂಟು ಕಟ್ಟುತ್ತದೆ.

1 ಕಿಲೋ ಕೋಳಿಗೆ 3 ದೊಡ್ಡ ಚಮಚ ಪುಡಿ, ಸ್ವಲ್ಪ ಎಣ್ಣೆ, 2 ಸಣ್ಣ ಚಮಚ ಉಪ್ಪು. ಉಪ್ಪು ಕಡಿಮೆ ಬೇಕಾದವರ ತುಂಡುಗಳನ್ನು ಮೊದಲೇ ಬೇರೆ ಇಡಿ. ಹಚ್ಚಿದ ಮೇಲೆ ಫ್ರಿಜ್ಜಿನಲ್ಲಿ ನಾಲ್ಕೈದು ಗಂಟೆ ಇರಲಿ. ಉಪ್ಪು ಒಳಗಿಳಿಯಲು ಅಷ್ಟು ಹೊತ್ತು ಬೇಕು. ನಿಂಬೆರಸ ಕೊನೆಗೆ, ತಟ್ಟೆಯಲ್ಲಿ ಹಿಂಡಿ.

ಬೇಕಾದಷ್ಟು ಪುಡಿಯನ್ನು ಮೊದಲೇ ಬಟ್ಟಲಿಗೆ ತೆಗೆದುಕೊಳ್ಳಿ. ಹಸಿ ಮಾಂಸ ಮುಟ್ಟಿದ ಕೈ ಡಬ್ಬಿಗೆ ಹೋದರೆ ಉಳಿದ ಪುಡಿಯೂ ಕೆಟ್ಟಂತೆ. ಬಟ್ಟಲಲ್ಲಿ ಮಿಕ್ಕಿದ್ದನ್ನು ಚೆಲ್ಲಿಬಿಡಿ.

ಜ್ವಾಲೆಯ ಮೇಲೆ ಸುಟ್ಟರೆ ಹೊರಗೆ ಮಸಿ, ಒಳಗೆ ಹಸಿ. ಇದ್ದಿಲು ಬೂದಿ ಮುಚ್ಚಿದ ಕೆಂಡವಾಗುವ ತನಕ ಕಾಯಿರಿ. ಆದರೆ ಮನೆಯೊಳಗೆ, ಮುಚ್ಚಿದ ಬಾಲ್ಕನಿಯಲ್ಲಿ ಇದ್ದಿಲು ಹಚ್ಚಲೇಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಜೀವಕ್ಕೇ ಅಪಾಯ. ಫ್ಲ್ಯಾಟಿನವರಿಗೆ ಓವನ್ ಅಥವಾ ದಪ್ಪ ಕಾವಲಿ ಸಾಕು. ಥರ್ಮಾಮೀಟರ್ ಇದ್ದರೆ ಕೋಳಿಯ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು.

ಸಸ್ಯಾಹಾರಿ ಮಿತ್ರರು ಮುನಿಸಿಕೊಳ್ಳಬೇಡಿ, ಇದೇ ಪುಡಿ ಪನೀರಿಗೂ ಗೆಣಸಿಗೂ ಒಗ್ಗುತ್ತದೆ. ಉಳಿದದ್ದನ್ನು ಒಣ ಡಬ್ಬಿಯಲ್ಲಿಟ್ಟು ಒಂದು ತಿಂಗಳೊಳಗೆ ಮುಗಿಸಿ, ಮತ್ತೆ ಹೊಸದು ಮಾಡಿಕೊಳ್ಳಿ.

ಈ ಭಾನುವಾರ ರೇಡಿಯೋ ಹಚ್ಚಿಟ್ಟು ಹುರಿಯಲು ಶುರು ಮಾಡಿ. ಜೊತೆಗೆ ನಾವಿರುತ್ತೇವೆ!