ಉಸ್ತೂಖುದ್ದೂಸ್ ಮತ್ತು ಆತಂಕದ ಮಾತ್ರೆ

ಎದೆ ಡವಗುಟ್ಟುತ್ತದೆ, ನಿದ್ದೆಯಿಲ್ಲ, ಆದರೆ ಇಸಿಜಿ ಸರಿಯಿದೆ. ಇದು ಆತಂಕದ ಕಾಯಿಲೆಯಿರಬಹುದು. ಈಮಾನ್ ಕಡಿಮೆಯಾಗಿದೆಯೆಂದು ಮನೆಯವರು ಹಂಗಿಸಬೇಡಿ.

ನಮ್ಮ ಹಕೀಮರು ಉಸ್ತೂಖುದ್ದೂಸನ್ನು ‘ಜಾರೂಬೆ ದಿಮಾಗ್’, ಅಂದರೆ ಮೆದುಳಿನ ಪೊರಕೆ ಎನ್ನುತ್ತಿದ್ದರು. ಅದು ಲ್ಯಾವೆಂಡರ್ ಜಾತಿಯ ಗಿಡ. ಅದೇ ಜಾತಿಯ ಇನ್ನೊಂದು ಗಿಡದ ಎಣ್ಣೆಯಿಂದ ತಯಾರಿಸಿದ ಕ್ಯಾಪ್ಸೂಲನ್ನು ಜರ್ಮನಿಯಲ್ಲಿ ಪರೀಕ್ಷಿಸಿದ್ದಾರೆ. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 77 ರೋಗಿಗಳಿದ್ದರು. ಆರು ವಾರ ಕೆಲವರಿಗೆ ದಿನಕ್ಕೆ 80 ಮಿಲಿಗ್ರಾಂ ಎಣ್ಣೆ, ಉಳಿದವರಿಗೆ ಅರ್ಧ ಮಿಲಿಗ್ರಾಂ ಲೊರಾಜೆಪಾಮ್. ಆತಂಕ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಸಮ ಇಳಿಯಿತು. ಖುಷಿಯ ವಿಷಯವೇ, ಆದರೆ ರೋಗಿಗಳ ಸಂಖ್ಯೆ ಚಿಕ್ಕದು, ಲೊರಾಜೆಪಾಮ್ ಪ್ರಮಾಣವೂ ಕಡಿಮೆ.

ಅಂಗಡಿಯ ಒಣಹೂವಿಗೆ ಈ ಫಲಿತಾಂಶ ಅನ್ವಯಿಸದು. ಇದನ್ನೋದಿ ಲೊರಾಜೆಪಾಮ್ ಒಮ್ಮೆಲೇ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಬರೆದುಕೊಟ್ಟ ಡಾಕ್ಟರೇ ಅದನ್ನು ನಿಧಾನವಾಗಿ ಇಳಿಸಬೇಕು. ನನ್ನಂಥ ಹಕೀಮನ ಬಳಿ ಬಂದಾಗಲೂ ಆ ಚೀಟಿ ತನ್ನಿ.